ರಿಜಿಸ್ಟ್ರೇಶನ್ ಟೈಮಲ್ಲಿ "ಸೀಟ್ ಬಿಟ್ಕೊಡ್ತೀನಿ" ಅಂತ ಯಾರಾದ್ರೂ ಬಂದ್ರೆ ದಯವಿಟ್ಟು ನಂಬಬೇಡಿ

ಮುಂದಿನ ವಾರ ಮತ್ತೆ ಕೋರ್ಸ್ ರಿಜಿಸ್ಟ್ರೇಶನ್ ಓಪನ್ ಆಗತ್ತೆ, ಅದಕ್ಕೇ ಈಗ ಬರೀತಿದೀನಿ. ಇಷ್ಟು ದಿನ ನಾಚಿಕೆಗೆ ಯಾರ ಹತ್ರನೂ ಹೇಳ್ಕೊಂಡಿರ್ಲಿಲ್ಲ, ಮನೇಲಿ ಇನ್ನೂ ಗೊತ್ತಿಲ್ಲ. ಫುಲ್ ಆಗಿರೋ ಕೋರ್ಸಲ್ಲಿ ನನ್ನ ಸೀಟ್ ಬಿಟ್ಕೊಡ್ತೀನಿ ಅಂತ ದುಡ್ಡು ಕೇಳೋರು ಇದಾರೆ. ಕೊಡಬೇಡಿ. ಬಿಡಿಗಾಸೂ ಕೊಡಬೇಡಿ.

ನಾನೇನು ತಯಾರಿ ಇಲ್ಲದೆ ಕೂತವಳಲ್ಲ. ಎರಡು ವಾರ ಮೊದ್ಲೇ ಕ್ಯಾಟಲಾಗ್ ತೆಗೆದು ಯಾವ ಕೋರ್ಸಿಗೆ ಮೊದ್ಲು ಯಾವುದು ಪಾಸಾಗಿರಬೇಕು, ಯಾವ ಲೆಕ್ಚರ್ ಜೊತೆ ಯಾವ ಲ್ಯಾಬ್ ಸೆಕ್ಷನ್ ಕಡ್ಡಾಯ, ಯಾವ ದಿನ ಯಾವ ಟೈಮ್ ಕ್ಲ್ಯಾಶ್ ಆಗತ್ತೆ ಎಲ್ಲಾ ಹಾಳೆ ಮೇಲೆ ಬರ್ಕೊಂಡಿದ್ದೆ. ಐದು ಕೋರ್ಸ್, 18 ಕ್ರೆಡಿಟ್. ಹಿಂದಿನ ರಾತ್ರಿ ಐದನ್ನೂ ಪೋರ್ಟಲ್‌ನ ಕಾರ್ಟಿಗೆ ಹಾಕಿಟ್ಟು ನಿಶ್ಚಿಂತೆಯಾಗಿ ಮಲಗಿದೆ. ಕಾರ್ಟ್ ಅಂದ್ರೆ ಬರೀ ಪಟ್ಟಿ ಕಣ್ರೀ, ಎನ್‌ರೋಲ್ ಒತ್ತಿ "ಎನ್‌ರೋಲ್ ಆಗಿದೆ" ಅಂತ ಬರೋವರೆಗೂ ಆ ಸೀಟು ಯಾರದ್ದೂ ಅಲ್ಲ, ಅದು ನಂಗೆ ಆಮೇಲೆ ಗೊತ್ತಾಯ್ತು. ಬೆಳಿಗ್ಗೆ 9ಕ್ಕೆ ನನ್ನ ಸ್ಲಾಟ್, 9ಕ್ಕೆ ಸರಿಯಾಗಿ ಒತ್ತಿದೆ, ಐದಕ್ಕೂ ಕೆಂಪು ಅಕ್ಷರ. "ನಿಮ್ಮ ಖಾತೆ ಮೇಲೆ ಹೋಲ್ಡ್ ಇದೆ." ಅಂದ್ರೆ ಏನೋ ಬಾಕಿ ಇದೆ, ಅದು ತೀರೋವರೆಗೂ ರಿಜಿಸ್ಟರ್ ಆಗೋಕೆ ಬಿಡಲ್ಲ. ಲೈಬ್ರರಿಗೆ ವಾಪಸ್ ಕೊಡದೆ ಉಳಿದಿದ್ದ ಒಂದೇ ಒಂದು ಪುಸ್ತಕ! ಓಡಿಹೋಗಿ ಪುಸ್ತಕ ಕೊಟ್ಟು, ದಂಡ ಕಟ್ಟಿ, ಆ ಹೋಲ್ಡ್ ತೆಗೆಸೋ ಹೊತ್ತಿಗೆ 11:40. ನಾಲ್ಕು ಕೋರ್ಸ್ ಸಿಕ್ತು. ಸ್ಟ್ಯಾಟಿಸ್ಟಿಕ್ಸ್ ಹೋಯ್ತು, 60ಕ್ಕೆ 60 ಫುಲ್.

ಬೇರೆ ಯಾವುದು ಹೋಗಿದ್ರೂ ಇಷ್ಟು ಹೊಟ್ಟೆ ಉರೀತಿರ್ಲಿಲ್ಲ. ಮುಂದಿನ ವರ್ಷದ ಮೂರು ಕೋರ್ಸಿಗೆ ಸ್ಟ್ಯಾಟಿಸ್ಟಿಕ್ಸ್ ಮೊದ್ಲು ಆಗಿರಲೇಬೇಕು, ಅದನ್ನ ವರ್ಷಕ್ಕೆ ಒಂದೇ ಸೆಮಿಸ್ಟರಲ್ಲಿ ಇಡ್ತಾರೆ. ಈ ಸಲ ತಪ್ಪಿದ್ರೆ ಇಡೀ ಒಂದು ವರ್ಷ ಹಿಂದೆ. ವೇಟ್‌ಲಿಸ್ಟಿಗೆ ಸೇರ್ಕೊಂಡೆ, ನನ್ನ ನಂಬರ್ 4 ಬಂತು. ಈ ನಾಲ್ಕನ್ನ ನೆನಪಿಟ್ಕೊಳ್ಳಿ. ಆಮೇಲೆ ಸ್ಟೂಡೆಂಟ್ಸ್ ಗ್ರೂಪಲ್ಲಿ "ಯಾರಾದ್ರೂ ಆ ಸೆಕ್ಷನ್ ಬಿಡೋರಿದ್ರೆ ಹೇಳಿ ಪ್ಲೀಸ್" ಅಂತ ಹಾಕ್ದೆ. ಹತ್ತು ನಿಮಿಷಕ್ಕೆ ಒಬ್ಬ ಪ್ರತ್ಯೇಕವಾಗಿ ಮೆಸೇಜ್ ಮಾಡಿದ.

"ಸಿಸ್ಟರ್, ಆ ಸೆಕ್ಷನಲ್ಲಿ ನನ್ನ ಸೀಟ್ ಇದೆ, ನಂಗೆ ಬೇಡ, ನಿಮಗೆ ಬೇಕಾದ್ರೆ ಬಿಟ್ಕೊಡ್ತೀನಿ, ನನ್ನ ಶ್ರಮಕ್ಕೆ ಸ್ವಲ್ಪ ನೋಡ್ಕೊಳ್ಳಿ." ಸ್ಕ್ರೀನ್‌ಶಾಟ್ ಕಳಿಸಿದ, ಕೋರ್ಸ್ ಕೋಡು, ಸೆಕ್ಷನ್ನು, "ಎನ್‌ರೋಲ್ ಆಗಿದೆ" ಅನ್ನೋದು ಎಲ್ಲಾ ಸರಿಯಾಗೇ ಇತ್ತು. ನಾನೇ ಕೇಳ್ದೆ, ನನ್ನ ಲಾಗಿನ್ ಏನಾದ್ರೂ ಬೇಕಾ ಅಂತ. ಅವನು ಏನಂದ ಗೊತ್ತಾ? "ಅಯ್ಯೋ ಬೇಡ ಸಿಸ್ಟರ್, ಪಾಸ್‌ವರ್ಡ್ ಯಾರಿಗೂ ಕೊಡಬೇಡಿ, ಓಟಿಪಿನೂ ಕೊಡಬೇಡಿ, ಕಾಲ ಸರಿ ಇಲ್ಲ." ನಾನು ಬಿದ್ದಿದ್ದು ಇಲ್ಲೇ. ಪಾಸ್‌ವರ್ಡ್ ಕೇಳೋನು ಕಳ್ಳ ಅಂತ ನಮಗೆಲ್ಲಾ ಗೊತ್ತು, ಕೇಳದೇ ಇರೋನು ಒಳ್ಳೆಯವನು ಅಂತ ನಾನೇ ಅಂದ್ಕೊಂಡ್ಬಿಟ್ಟೆ. ಅರ್ಧ ದುಡ್ಡು ಆಗ್ಲೇ ಕಳಿಸ್ದೆ. ಪುಸ್ತಕಕ್ಕೆ ಅಂತ ಮನೆಯಿಂದ ಕೊಟ್ಟಿದ್ದ ದುಡ್ಡು ಅದು.

ಮಾರನೇ ದಿನ ಇನ್ನೊಂದು ಮೆಸೇಜ್. "ಸಿಸ್ಟರ್ ನೀವು ವೇಟ್‌ಲಿಸ್ಟಲ್ಲಿ ಇದೀರಾ? ಹೆಸರು ತೆಗೆಸಿ, ಇಲ್ಲಾಂದ್ರೆ ಸಿಸ್ಟಮ್ ನಿಮ್ಮನ್ನ ಡೈರೆಕ್ಟಾಗಿ ಎನ್‌ರೋಲ್ ಆಗೋಕೆ ಬಿಡಲ್ಲ." ಕೆಲವು ಪೋರ್ಟಲಲ್ಲಿ ಹಾಗೆ ಇದೆ ಅಂತ ನಾನೂ ಕೇಳಿದ್ದೆ, ಅರ್ಧ ಸತ್ಯ ಇರೋ ಮಾತು, ಅದಕ್ಕೆ ಅನುಮಾನ ಬರ್ಲಿಲ್ಲ. ತೆಗೆಸ್ದೆ. ನನ್ನ ಕೈಯಾರೆ ನಾನೇ ವೇಟ್‌ಲಿಸ್ಟಿಂದ ಹೆಸರು ತೆಗೆದೆ. ಉಳಿದ ಅರ್ಧ ದುಡ್ಡೂ ಕಳಿಸ್ದೆ.

ರಾತ್ರಿ 10ಕ್ಕೆ ಡ್ರಾಪ್ ಮಾಡ್ತೀನಿ, ರೆಡಿ ಇರಿ ಅಂದ. 9:45ರಿಂದ ಲ್ಯಾಪ್‌ಟಾಪ್ ಮುಂದೆ ಕೂತಿದೀನಿ, ಫೋನ್ ಕಿವಿ ಹತ್ರ, ಅವನು ಆ ಕಡೆಯಿಂದ "ಮೂರು, ಎರಡು, ಒಂದು, ಬಿಟ್ಟೆ ನೋಡಿ" ಅಂದ. ರಿಫ್ರೆಶ್ ಮಾಡ್ದೆ. ಖಾಲಿ ಸೀಟು 1 ಅಂತ ತೋರಿಸ್ತು! ನಿಜವಾಗ್ಲೂ ತೋರಿಸ್ತು, ಎದೆ ಧಸಕ್ ಅಂತು. ಎನ್‌ರೋಲ್ ಒತ್ತಿದೆ. "ಈ ಸೀಟು ವೇಟ್‌ಲಿಸ್ಟಿನಲ್ಲಿ ಇರುವವರಿಗೆ ಮೀಸಲು." ಮತ್ತೆ ಒತ್ತಿದೆ, ಅದೇ. ಮತ್ತೆ ಒತ್ತಿದೆ, ಅದೇ. ಎಷ್ಟು ಸಲ ಒತ್ತಿದೆನೋ, ಕೊನೆಗೆ ಖಾಲಿ ಸೀಟು 0 ಆಯ್ತು, ವೇಟ್‌ಲಿಸ್ಟಲ್ಲಿ 12 ಇದ್ದಿದ್ದು 11 ಆಯ್ತು. ಸೀಟು ಲೈನಲ್ಲಿ ಮೊದಲು ನಿಂತಿದ್ದವರಿಗೆ ತಾನಾಗೇ ಹೋಗಿತ್ತು. ವೇಟ್‌ಲಿಸ್ಟ್ ಇರೋದೇ ಅದಕ್ಕೆ! ಅವನು ಬಿಟ್ರೂ, ಯಾರು ಬಿಟ್ರೂ, ನಂಗೆ ಬರೋ ಹಾಗೇ ಇರ್ಲಿಲ್ಲ. ಇದು ಅವನಿಗೆ ಮೊದಲ ದಿನದಿಂದ ಗೊತ್ತಿತ್ತು.

ಫೋನಲ್ಲಿ ಹೇಳ್ದೆ, ಬರ್ಲಿಲ್ಲ ಅಂತ. "ನೀನು ಒತ್ತಿದ್ದು ಲೇಟಾಯ್ತು ಅನ್ಸತ್ತೆ" ಅಂದ. ಎರಡು ದಿನ ನೀವು ನೀವು ಸಿಸ್ಟರ್ ಸಿಸ್ಟರ್ ಅಂತಿದ್ದೋನು ದುಡ್ಡು ಬಂದ ಮೇಲೆ ನೀನು ಅಂದ. ದುಡ್ಡು ವಾಪಸ್ ಕೊಡಿ ಅಂದ್ರೆ ಕಟ್ ಮಾಡಿ ಮೆಸೇಜಲ್ಲಿ ಬರೆದ: "ಬಿಡ್ತೀನಿ ಅಂದಿದ್ದೆ, ಬಿಟ್ಟಿದೀನಿ. ನಿಂಗೆ ಸಿಗತ್ತೆ ಅಂತ ನಾನು ಎಲ್ಲಿ ಹೇಳಿದೀನಿ ತೋರಿಸು." ಹಿಂದಿನ ಮೆಸೇಜೆಲ್ಲಾ ತೆಗೆದು ಹುಡುಕಿದೆ ಕಣ್ರೀ, ರಾತ್ರಿ ಒಂದು ಗಂಟೆ ತನಕ ಹುಡುಕಿದೆ. ನಿಜ, ಎಲ್ಲೂ ಹೇಳಿಲ್ಲ. ಎಲ್ಲಾ ಕಡೆ ಬಿಟ್ಕೊಡ್ತೀನಿ, ಬಿಟ್ಕೊಡ್ತೀನಿ ಅಷ್ಟೇ. ಹಾಗಾದ್ರೆ ವೇಟ್‌ಲಿಸ್ಟಿಂದ ಯಾಕೆ ತೆಗೆಸಿದ್ರಿ ಅಂತ ಕೇಳ್ದೆ. "ಅದು ನಿನ್ನ ನಿರ್ಧಾರ." ಇಷ್ಟು ಬರೆದು ಬ್ಲಾಕ್ ಮಾಡಿದ.

ಬೆಳಿಗ್ಗೆ ಎದ್ದವಳೇ ವೇಟ್‌ಲಿಸ್ಟಿಗೆ ಮತ್ತೆ ಸೇರ್ಕೊಂಡೆ, ಈಗ ನಂಬರ್ 12. ಆ್ಯಡ್ ಡ್ರಾಪ್, ಅಂದ್ರೆ ಕೋರ್ಸ್ ಸೇರೋಕೆ ಬಿಡೋಕೆ ಕೊಡೋ ಅವಧಿ, ಮುಗಿಯೋವರೆಗೂ ದಿನಾ ನೋಡ್ತಿದ್ದೆ. ಒಟ್ಟು ಏಳು ಜನ ಒಳಗೆ ಹೋದ್ರು. ಏಳು ಜನ. ನಾನು ನಾಲ್ಕನೇಯವಳಾಗಿದ್ದೆ. ಏನೂ ಮಾಡದೆ ಸುಮ್ನೆ ಕೂತಿದ್ರೆ ಸೀಟು ತಾನಾಗೇ ಬರ್ತಿತ್ತು, ಒಂದು ಪೈಸೆ ಖರ್ಚಿಲ್ಲದೆ. ಇದನ್ನ ನೆನೆಸ್ಕೊಂಡ್ರೆ ಇವತ್ತಿಗೂ ನಿದ್ದೆ ಬರಲ್ಲ.

ಕಂಪ್ಲೇಂಟ್ ಕೊಡೋಣ ಅಂತ ನಮ್ಮ ಅಡ್ವೈಸರ್ ಮೇಡಮ್ ಹತ್ರ ಹೋದೆ. ಅವರು ಬೈಯ್ಲಿಲ್ಲ, ಬೈದಿದ್ರೇ ಚೆನ್ನಾಗಿತ್ತು. "ಸೀಟ್ ಕೊಡೋದು ತಗೊಳ್ಳೋದು ಎರಡೂ ನಿಯಮಕ್ಕೆ ವಿರುದ್ಧ ಅಲ್ವಾ, ನಿನ್ನ ಹೆಸರೂ ಬರತ್ತಲ್ಲಮ್ಮ" ಅಂದ್ರು. ಆಮೇಲೆ, "ಮೊದಲ ದಿನವೇ ಬಂದಿದ್ರೆ ಪಾಠ ಮಾಡೋರ ಹತ್ರ ಓವರ್‌ರೈಡ್, ಅಂದ್ರೆ ಫುಲ್ ಆಗಿದ್ರೂ ಸೇರಿಸ್ಕೊಳ್ಳೋ ವಿಶೇಷ ಅನುಮತಿ, ಕೇಳಬಹುದಿತ್ತು, ಇದಿಲ್ಲದೆ ಮುಂದಿನ ವರ್ಷದ ಕೋರ್ಸ್ ತಗೊಳ್ಳೋಕಾಗಲ್ಲ ಅನ್ನೋ ಕಾರಣ ಇದ್ರೆ ಕೆಲವೊಮ್ಮೆ ಒಪ್ತಾರೆ" ಅಂದ್ರು. ನಂಗೆ ಅಂಥದ್ದೊಂದು ದಾರಿ ಇದೆ ಅಂತಾನೇ ಗೊತ್ತಿರ್ಲಿಲ್ಲ. ಯಾರೋ ಗುರುತಿಲ್ಲದವನ ಹತ್ರ ಕೇಳೋಕೆ ಸಂಕೋಚ ಆಗ್ಲಿಲ್ಲ, ಮೇಡಮ್ ಹತ್ರ ಕೇಳೋಕೆ ಸಂಕೋಚ ಆಗಿತ್ತು.

ಆಮೇಲೆ ಗೊತ್ತಾಯ್ತು, ಅದೇ ರಾತ್ರಿ 10 ಗಂಟೆಗೆ ಅದೇ ಸೀಟಿಗೆ ಇನ್ನೂ ಇಬ್ಬರು ದುಡ್ಡು ಕೊಟ್ಟು ಕೂತಿದ್ರು. ಇಬ್ಬರಿಗೂ ಇದೇ ಮಾತು, ಲೇಟಾಯ್ತು ಅನ್ಸತ್ತೆ.

ದಯವಿಟ್ಟು ಇವತ್ತೇ ಪೋರ್ಟಲ್ ತೆಗೆದು ಹೋಲ್ಡ್ ಇದೆಯಾ ನೋಡಿ, ಫೀಸು ಲೈಬ್ರರಿ ದಾಖಲೆ ಏನೇ ಬಾಕಿ ಇದ್ರೂ ಸ್ಲಾಟಿನ ದಿನಕ್ಕಿಂತ ಮೊದ್ಲೇ ತೆಗೆಸಿ, ನಂಗೆ ಇದೆಲ್ಲಾ ಶುರುವಾಗಿದ್ದೇ ಆ ಒಂದು ಪುಸ್ತಕದಿಂದ. ಒಂದೊಂದು ಕೋರ್ಸಿಗೂ ಬದಲಿ ಸೆಕ್ಷನ್ ಇನ್ನೊಂದು ಬರೆದಿಟ್ಕೊಳ್ಳಿ. ವೇಟ್‌ಲಿಸ್ಟ್ ಬಿಟ್ಟು ಯಾರು ಹೇಳಿದ್ರೂ ಬರಬೇಡಿ, ಆದ್ರೆ ವೇಟ್‌ಲಿಸ್ಟಲ್ಲಿರೋ ಕೋರ್ಸು ಬೇರೆ ಕ್ಲಾಸಿನ ಟೈಮಿಗೆ ಕ್ಲ್ಯಾಶ್ ಆದ್ರೆ, ಇಲ್ಲಾ ನಿಮ್ಮ ಕ್ರೆಡಿಟ್ ಮಿತಿ ದಾಟಿದ್ರೆ ನಿಮ್ಮ ಸರದಿ ಬಂದ್ರೂ ಎಷ್ಟೋ ಸಿಸ್ಟಮ್ ಸೇರಿಸದೆ ಮುಂದಿನವರಿಗೆ ಕೊಟ್ಬಿಡತ್ತೆ, ಅದನ್ನೂ ನೋಡ್ಕೊಳ್ಳಿ. ಫುಲ್ ಅಂತ ಬಂದ ಕೂಡ್ಲೇ ಅಡ್ವೈಸರ್ ಹತ್ರ ಹೋಗಿ, ಅದೇ ದಿನ ಹೋಗಿ.

ನಿನ್ನೆ ಸಂಜೆ ಗ್ರೂಪಲ್ಲಿ ಒಬ್ಬ ಹೊಸ ಹುಡುಗಿ "ಕೆಮಿಸ್ಟ್ರಿ ಲ್ಯಾಬ್ ಸೆಕ್ಷನ್ ಯಾರಾದ್ರೂ ಬಿಡ್ತೀರಾ" ಅಂತ ಈಗ್ಲೇ ಕೇಳಿದಾಳೆ. ಕೆಳಗೆ ಬೇರೆ ಹೆಸರು, ಬೇರೆ ಫೋಟೋ ಇಟ್ಕೊಂಡು ಒಬ್ಬ ಬರೆದಿದಾನೆ, "ಸಿಸ್ಟರ್, ಮೆಸೇಜ್ ಮಾಡಿದೀನಿ ನೋಡಿ." ಅವಳಿಗೆ ನಾನೂ ಮೆಸೇಜ್ ಮಾಡಿದೀನಿ, ಇನ್ನೂ ನೋಡಿಲ್ಲ.