ಮೊನೆರೊ ಗಣಿಗಾರಿಕೆ: ಸಾಮಾನ್ಯ ಪೂಲೋ, ಪಿ2ಪೂಲೋ?

ಮನೆಯ ಕಂಪ್ಯೂಟರ್‌ನಲ್ಲಿ ಬಿಟ್‌ಕಾಯಿನ್ ಗಣಿಗಾರಿಕೆಯ, ಅಂದರೆ ಲೆಕ್ಕ ಬಿಡಿಸಿ ನಾಣ್ಯ ಗಳಿಸುವ, ಆಸೆ ಬಿಡಿ. 2019ರಿಂದ ರ್‍ಯಾಂಡಮ್‌ಎಕ್ಸ್ ಎಂಬ ಗಣಿಗಾರಿಕೆ ಕ್ರಮಾವಳಿ ಬಳಸುವ ಕ್ರಿಪ್ಟೊ ನಾಣ್ಯ ಮೊನೆರೊ ಸಾಧಾರಣ ಸಿಪಿಯುಗೂ ಒಗ್ಗುತ್ತದೆ.

ಬರೀ ಕುತೂಹಲವಿದ್ದರೆ ಸಾಮಾನ್ಯ ಪೂಲ್, ಅಂದರೆ ಹಲವರ ಯಂತ್ರಗಳು ಒಟ್ಟಾಗಿ ದುಡಿದು ಗಳಿಕೆ ಹಂಚಿಕೊಳ್ಳುವ ಗುಂಪು, ಸಾಕು. ಗಣಿಗಾರಿಕೆ ತಂತ್ರಾಂಶವಾದ ಎಕ್ಸ್‌ಎಂರಿಗ್‌ನ ಕಾನ್ಫಿಗ್ ಕಡತದಲ್ಲಿ ಪೂಲ್ ಮತ್ತು ವ್ಯಾಲೆಟ್ ವಿಳಾಸ ತುಂಬಿದರೆ ಮುಗಿಯಿತು. ಗಳಿಕೆಯನ್ನು ಮೊಬೈಲ್‌ನಲ್ಲೇ ನೋಡಬಹುದು. ಆದರೆ ಪೂಲ್ ನಡೆಸುವವರು ಶುಲ್ಕ ಮುರಿದುಕೊಳ್ಳುತ್ತಾರೆ, ಕನಿಷ್ಠ ಮೊತ್ತ ತುಂಬುವವರೆಗೆ ಹಣ ಅವರ ಕೈಯಲ್ಲೇ.

ಹಗಲಿರುಳು ಓಡಿಸುವವರಿಗೆ ನನ್ನ ಮತ ನಡುವೆ ನಿರ್ವಾಹಕನಿಲ್ಲದೆ ಗಣಿಗಾರರೇ ನೇರವಾಗಿ ಬೆಸೆದುಕೊಂಡ ಪೂಲ್ ಆದ ಪಿ2ಪೂಲ್‌ಗೆ. ಶುಲ್ಕವಿಲ್ಲ, ಪಾಲು ನೇರವಾಗಿ ನಿಮ್ಮ ವ್ಯಾಲೆಟ್‌ಗೆ. ಸ್ವಂತ ಮೊನೆರೊ ನೋಡ್ (ಮೊನೆರೊ ವಹಿವಾಟಿನ ದಾಖಲೆ ಇಟ್ಟುಕೊಳ್ಳುವ ತಂತ್ರಾಂಶ) ಇದ್ದರೆ ಒಳ್ಳೆಯದು, ಆದರೆ ಆ ದಾಖಲೆ ಇಳಿಸಿಕೊಳ್ಳುವ ಮೊದಲ ಸಿಂಕ್‌ಗೆ ದಿನಗಳೇ ಹಿಡಿದಾವು. ನಿಗಾ ಇಡಲು ಪಿ2ಪೂಲ್‌ನ ಕಪ್ಪು ಪರದೆಯಲ್ಲಿ ‘ಸ್ಟೇಟಸ್’ ಎಂದು ಟೈಪಿಸಬೇಕು. ಯಂತ್ರ ಹಳೆಯದಾದರೆ ಕಡಿಮೆ ವೇಗದ ಯಂತ್ರಗಳಿಗೆಂದೇ ಇರುವ ಪಿ2ಪೂಲ್ ಮಿನಿ ಆರಿಸಿ, ಇಲ್ಲವಾದರೆ ಪಾಲಿಗಾಗಿ ಕಾಯುತ್ತಲೇ ಇರುತ್ತೀರಿ.

ಎರಡರಲ್ಲೂ ಎಕ್ಸ್‌ಎಂರಿಗ್ ಕಿಟಕಿಯಲ್ಲಿ ‘ಎಚ್’ ಒತ್ತಿದರೆ ಹ್ಯಾಶ್‌ರೇಟ್ (ಸೆಕೆಂಡಿಗೆ ಎಷ್ಟು ಲೆಕ್ಕ ಎಂಬ ವೇಗ) ಕಾಣುತ್ತದೆ. ನಾನು ಹೆಚ್ಚಾಗಿ ನೋಡುವುದು ಕರೆಂಟ್ ಮೀಟರನ್ನು: 100 ವ್ಯಾಟ್ ಎಳೆಯುವ ಯಂತ್ರ ಹತ್ತು ಗಂಟೆಗೆ ಒಂದು ಯೂನಿಟ್ ನುಂಗುತ್ತದೆ.