ಬ್ಯಾಟರಿ ಟ್ರಿಮ್ಮರ್ ಕೊಳ್ಳುವ ಮೊದಲು ಚಾರ್ಜರ್‌ನ ಬೆನ್ನು ತಿರುಗಿಸಿ ನೋಡಿ

ನನ್ನ ಎಡ ಮೊಣಕಾಲಿನಿಂದ ಒಂದು ಗೇಣು ಕೆಳಗೆ, ಎಲುಬಿನ ಮೇಲೆಯೇ, ನಾಲ್ಕು ಹೊಲಿಗೆಯ ಗುರುತಿದೆ. ಹಿತ್ತಲಿನ ಹುಲ್ಲು ಸವರಲೆಂದು ಕೊಂಡು ತಂದ ಬ್ಯಾಟರಿ ಟ್ರಿಮ್ಮರ್‌ನಿಂದ ಆದ ಗಾಯವದು. ಪೆಟ್ಟಿಗೆಯ ಮೇಲೆ ಅಚ್ಚಾಗಿದ್ದ ಒಂದು ಸಂಖ್ಯೆಯನ್ನು ನಂಬಿದ್ದು ಮೊದಲ ತಪ್ಪು. ಆ ತಪ್ಪೇ ಮುಂದಿನ ಎರಡು ತಪ್ಪುಗಳಿಗೆ ನನ್ನನ್ನು ಕರೆದೊಯ್ಯಿತು. ಅಂಥದೇ ಸಂಖ್ಯೆ ಹೊತ್ತ ಅಂಥದೇ ಯಂತ್ರಗಳು ಬೇರೆ ಬೇರೆ ಹೆಸರುಗಳಲ್ಲಿ ಇಂದಿಗೂ ಮಾರಾಟವಾಗುತ್ತಿರುವುದರಿಂದ, ನಡೆದದ್ದನ್ನು ನಡೆದ ಕ್ರಮದಲ್ಲಿಯೇ ಬರೆಯುತ್ತಿದ್ದೇನೆ.

ಬ್ಯಾಟರಿಯ ಮೇಲೆ ದಪ್ಪ ಅಕ್ಷರಗಳಲ್ಲಿ 88 ವಿ ಎಂದು ಬರೆದಿತ್ತು. ಪಕ್ಕದಲ್ಲಿಯೇ ಇದ್ದ ಹೆಸರಾಂತ ತಯಾರಿಕೆಯ ಯಂತ್ರದ ಮೇಲೆ ಬರೀ 18 ವೋಲ್ಟ್ ಎಂದಿತ್ತು. ವೋಲ್ಟ್ ಹೆಚ್ಚಿದ್ದರೆ ಬಲ ಹೆಚ್ಚು ಎಂಬಷ್ಟೇ ತಿಳಿದಿದ್ದ ನಾನು ಮೊದಲನೆಯದನ್ನು ಆರಿಸಿದೆ. ಹಗುರವಾದ ಸಣಕಲು ಕೋಲು, ಎರಡು ಬ್ಯಾಟರಿ, ಒಂದು ಪುಟ್ಟ ಚಾರ್ಜರ್, ನೈಲಾನ್ ದಾರದ ಸುರುಳಿ, ಇವುಗಳ ಜೊತೆಗೆ ಪ್ಲಾಸ್ಟಿಕ್ ಅಲಗುಗಳು ಮತ್ತು ಗರಗಸದಂತೆ ಹಲ್ಲುಗಳಿದ್ದ ಒಂದು ಲೋಹದ ಬ್ಲೇಡು ಕೂಡ ಪೆಟ್ಟಿಗೆಯಲ್ಲಿದ್ದವು. ಇಷ್ಟೆಲ್ಲ ಕೊಟ್ಟಿದ್ದಾರಲ್ಲ ಎಂದು ಸಂತೋಷಪಟ್ಟಿದ್ದೆ.

ಮೊದಲ ದಿನವೇ ಬ್ಯಾಟರಿ ಏಳು ನಿಮಿಷಕ್ಕೆ ಬರಿದಾಯಿತು, ಎರಡನೆಯದೂ ಅಷ್ಟೇ. ಚಾರ್ಜಿಗೆ ಹಾಕುವಾಗ ಚಾರ್ಜರನ್ನು ತಿರುಗಿಸಿ ನೋಡಿದರೆ, ಬೆನ್ನ ಮೇಲಿನ ಸಣ್ಣ ಅಕ್ಷರಗಳಲ್ಲಿ ಔಟ್‌ಪುಟ್ 21 ವೋಲ್ಟ್ ಎಂದಿತ್ತು. ಅಲ್ಲಿಗೆ ಎಲ್ಲವೂ ಗೊತ್ತಾಗಬೇಕಿತ್ತು. ಇಂಥ ಬ್ಯಾಟರಿಗಳ ಒಳಗಿರುವ ಒಂದೊಂದು ಲಿಥಿಯಂ ಅಯಾನ್ ಸೆಲ್ ಪೂರ್ತಿ ತುಂಬಿದಾಗ 4.2 ವೋಲ್ಟ್ ಇರುತ್ತದೆ, ಕೆಲಸ ಮಾಡುವಾಗ ಸರಾಸರಿ 3.6 ವೋಲ್ಟ್ ಕೊಡುತ್ತದೆ. ಐದು ಸೆಲ್‌ಗಳನ್ನು ಸಾಲಾಗಿ ಜೋಡಿಸಿದರೆ ತುಂಬಿದಾಗ 21, ಕೆಲಸಕ್ಕೆ 18. ಅಂದರೆ ನಾನು ತಂದದ್ದು ಪಕ್ಕದಲ್ಲಿ ಬಿಟ್ಟು ಬಂದ ಯಂತ್ರದಷ್ಟೇ ವೋಲ್ಟಿನದು. ನಿಜವಾಗಿ 88 ವೋಲ್ಟ್ ಬೇಕಿದ್ದರೆ ಇಪ್ಪತ್ತೊಂದು ಸೆಲ್‌ಗಳು ಬೇಕು. ಸಾಮಾನ್ಯವಾಗಿ ಬಳಸುವ 18650 ಅಳತೆಯ ಸೆಲ್ ಒಂದು ಸುಮಾರು 45 ಗ್ರಾಂ ತೂಗುತ್ತದೆ. ಇಪ್ಪತ್ತೊಂದಕ್ಕೆ ಹೊರಕವಚವನ್ನು ಬಿಟ್ಟೇ ಒಂದು ಕಿಲೋದ ಹತ್ತಿರ ಬರುತ್ತದೆ. ನನ್ನ ಬ್ಯಾಟರಿಯನ್ನು ಅಡುಗೆಮನೆಯ ತಕ್ಕಡಿಯಲ್ಲಿಟ್ಟಾಗ ಕವಚವೂ ಸೇರಿ 320 ಗ್ರಾಂ ತೋರಿಸಿತು.

ಇಲ್ಲಿ ಒಂದು ಮಾತನ್ನು ನ್ಯಾಯವಾಗಿ ಹೇಳಬೇಕು. ಪ್ರಾಮಾಣಿಕ ತಯಾರಕರೂ ಐದು ಸೆಲ್‌ಗಳ ಬ್ಯಾಟರಿಗೆ ಕೆಲವೊಮ್ಮೆ 18 ಎಂದೂ ಕೆಲವೊಮ್ಮೆ ಗರಿಷ್ಠ 20 ಎಂದೂ ಬರೆಯುತ್ತಾರೆ. ಹತ್ತು ಸೆಲ್‌ಗಳದಕ್ಕೆ 36 ಅಥವಾ ಗರಿಷ್ಠ 40 ಎನ್ನುತ್ತಾರೆ. ಅದು ಸುಳ್ಳಲ್ಲ, ಅಳೆಯುವ ಸಮಯದ ವ್ಯತ್ಯಾಸ ಮಾತ್ರ. ಆದರೆ ಎಷ್ಟು ಹೊತ್ತು ಓಡುತ್ತದೆ ಎಂಬುದನ್ನು ವೋಲ್ಟ್ ಒಂದೇ ಹೇಳುವುದಿಲ್ಲ. ವೋಲ್ಟನ್ನು ಆಂಪಿಯರ್-ಅವರ್‌ನಿಂದ ಗುಣಿಸಿದಾಗ ಬರುವ ವ್ಯಾಟ್-ಅವರ್ ಎಂಬ ಲೆಕ್ಕವೇ ಬ್ಯಾಟರಿಯ ನಿಜವಾದ ಅಳತೆ. 18 ವೋಲ್ಟ್, 1.5 ಆಂಪಿಯರ್-ಅವರ್ ಎಂದರೆ 27 ವ್ಯಾಟ್-ಅವರ್. ದಟ್ಟ ಹುಲ್ಲಿನಲ್ಲಿ ಮೋಟಾರು 250 ವ್ಯಾಟ್ ಎಳೆದರೆ ಅದು ಆರೂವರೆ ನಿಮಿಷದ ಮಾತು. 36 ವೋಲ್ಟ್, 4 ಆಂಪಿಯರ್-ಅವರ್‌ನ ಬ್ಯಾಟರಿಯಲ್ಲಿ 144 ವ್ಯಾಟ್-ಅವರ್ ಇರುತ್ತದೆ. ಈ ಸಂಖ್ಯೆಯನ್ನು ಎಲ್ಲಿಯೂ ಬರೆಯದ ಯಂತ್ರವನ್ನು ನಾನಂತೂ ಇನ್ನು ಮುಟ್ಟುವುದಿಲ್ಲ.

ಬಲವಿಲ್ಲದ ಯಂತ್ರದಲ್ಲಿ ದಾರ ಹುಲ್ಲನ್ನು ಕತ್ತರಿಸುವುದಿಲ್ಲ, ಬಾಗಿಸಿ ಸುತ್ತಿಕೊಳ್ಳುತ್ತದೆ. ಮತ್ತೆ ಮತ್ತೆ ನಿಲ್ಲಿಸಿ, ದಾರ ತಿರುಗುವ ಯಂತ್ರದ ತಲೆಗೆ ಹಗ್ಗದಂತೆ ಹೊಸೆದುಕೊಂಡಿದ್ದ ಹುಲ್ಲನ್ನು ಬಿಡಿಸುತ್ತಿದ್ದೆ. ಇದರಲ್ಲಿ ನನ್ನ ಅಜ್ಞಾನದ ಪಾಲೂ ಇತ್ತು. ಎತ್ತರದ ಹುಲ್ಲನ್ನು ಮೇಲಿನಿಂದ ಒಂದೊಂದೇ ಪದರವಾಗಿ ಸವರಿಕೊಂಡು ಇಳಿಯುವ ಬದಲು ನೇರವಾಗಿ ಬುಡಕ್ಕೆ ಹಿಡಿದಿದ್ದೆ. ದಪ್ಪವಿದ್ದರೆ ಚೆನ್ನಾಗಿ ಕತ್ತರಿಸೀತೆಂದು 1.6 ಮಿ.ಮೀ. ದಾರವನ್ನು ತೆಗೆದು 2.4 ಮಿ.ಮೀ. ದಾರವನ್ನು ತುರುಕಿದ್ದೆ, ದಪ್ಪ ದಾರ ಗಾಳಿಯಲ್ಲಿ ತಿರುಗುವುದಕ್ಕೇ ಹೆಚ್ಚು ಶಕ್ತಿ ಬೇಡುತ್ತದೆ ಎಂಬುದು ಆಗ ಹೊಳೆಯಲಿಲ್ಲ. ಕೊನೆಗೆ ಬೇಸತ್ತು ಆ ಲೋಹದ ಬ್ಲೇಡನ್ನು ಕೈಗೆತ್ತಿಕೊಂಡೆ. ಅದು ಗಾರ್ಡಿಗೆ, ಅಂದರೆ ತಲೆಯ ಹಿಂದೆ ಕಾಲಿಗೆ ಅಡ್ಡವಾಗಿರುವ ರಕ್ಷಣೆಯ ತಟ್ಟೆಗೆ, ತಾಗುತ್ತಿತ್ತು. ಎರಡು ಸ್ಕ್ರೂ ಬಿಚ್ಚಿ ಗಾರ್ಡನ್ನೇ ತೆಗೆದಿಟ್ಟೆ.

ದಾರದ ಟ್ರಿಮ್ಮರನ್ನು 1971ರಲ್ಲಿ ಅಮೆರಿಕದ ಹ್ಯೂಸ್ಟನ್ನಿನ ಜಾರ್ಜ್ ಬಲ್ಲಾಸ್ ಎಂಬವರು ರೂಪಿಸಿದರು. ಕಾರು ತೊಳೆಯುವ ಯಂತ್ರದಲ್ಲಿ ತಿರುಗುವ ನೈಲಾನ್ ಬ್ರಷ್‌ಗಳನ್ನು ನೋಡಿ ಅವರಿಗೆ ಅದು ಹೊಳೆದದ್ದು. ಆ ಬ್ರಷ್ಷಿನ ಎಳೆ ಕಾರಿನ ಮೈಗೆ ತಾಗಿದೊಡನೆ ಬಾಗುತ್ತದೆ. ದಾರವೂ ಹಾಗೆಯೇ ಕಲ್ಲು ಸಿಕ್ಕರೆ ಮಣಿಯುತ್ತದೆ ಅಥವಾ ತುದಿ ಹರಿದುಕೊಳ್ಳುತ್ತದೆ. ಯಂತ್ರದ ಸುರಕ್ಷತೆ ಬಹುಮಟ್ಟಿಗೆ ನಿಂತಿರುವುದೇ ಆ ಮಣಿಯುವಿಕೆಯ ಮೇಲೆ. ಲೋಹ ಮಣಿಯುವುದಿಲ್ಲ. 25 ಸೆಂ.ಮೀ. ವ್ಯಾಸದ ಬ್ಲೇಡು ನಿಮಿಷಕ್ಕೆ 8,000 ಸುತ್ತು ತಿರುಗಿದರೆ ಅದರ ಅಂಚು ಸೆಕೆಂಡಿಗೆ ನೂರು ಮೀಟರಿಗೂ ಹೆಚ್ಚು, ಅಂದರೆ ಗಂಟೆಗೆ 370 ಕಿಲೋಮೀಟರಿಗಿಂತ ಜೋರಾಗಿ ಓಡುತ್ತಿರುತ್ತದೆ. ಹುಲ್ಲಿನ ಬುಡದಲ್ಲಿ ಹುದುಗಿದ್ದ ಇಟ್ಟಿಗೆಯ ಮೂಲೆಗೆ ಅದು ಬಡಿದಾಗ ಕೋಲು ಕೈಯಿಂದ ಕಿತ್ತುಕೊಂಡು ಹೋದಂತೆ ಪಕ್ಕಕ್ಕೆ ಎಗರಿತು. ಮೊದಲು ನೋವು ತಿಳಿಯಲಿಲ್ಲ, ಕಾಲ್ಚೀಲ ಬೆಚ್ಚಗಾದದ್ದು ತಿಳಿಯಿತು. ಬ್ಲೇಡಿನ ಒಂದು ಹಲ್ಲು ಮುರಿದು, ಪ್ಯಾಂಟಿನ ಬಟ್ಟೆಯನ್ನು ಸೀಳಿ, ಎಲುಬಿನವರೆಗೆ ಹೋಗಿತ್ತು. ಹತ್ತು ಹೆಜ್ಜೆ ದೂರದಲ್ಲಿ ನನ್ನ ಮಗಳು ಕುಳಿತಿದ್ದಳು. ಅದೇ ಚೂರು ಇನ್ನೊಂದು ದಿಕ್ಕಿಗೆ ಹಾರಿದ್ದರೆ ಎಂಬ ಯೋಚನೆ ನನ್ನನ್ನು ಈಗಲೂ ಬಿಟ್ಟಿಲ್ಲ. ಇಂಥ ಕೆಲಸ ನಡೆಯುವಾಗ ಬೇರೆಯವರು ಕನಿಷ್ಠ 15 ಮೀಟರ್ ದೂರವಿರಬೇಕೆಂದು ಟ್ರಿಮ್ಮರ್‌ಗಳ ಕೈಪಿಡಿಗಳಲ್ಲಿ ಸಾಮಾನ್ಯವಾಗಿ ಬರೆದಿರುತ್ತದೆ, ನಾನು ಓದಿರಲಿಲ್ಲ.

ಬ್ಲೇಡಿಗಿಂತಲೂ ಕೆಟ್ಟದ್ದು ಸರಪಳಿಯ ಕೊಂಡಿಗಳನ್ನು ಜೋಡಿಸಿದ ತಲೆ. ಬಿಡಿ ಲೋಹದ ತುಂಡುಗಳನ್ನು ಕೊಂಡಿಹಾಕಿದ ಅಂಥ ಜೋಡಣೆಗಳನ್ನು ಕೈಯಲ್ಲಿ ಹಿಡಿಯುವ ಯಂತ್ರಗಳಿಗಾಗಿ ಮಾರುವುದನ್ನು ಯುರೋಪಿಯನ್ ಕಮಿಷನ್ 2012ರ ಜನವರಿಯಲ್ಲಿಯೇ ನಿಷೇಧಿಸುವಂತೆ ಮಾಡಿದೆ. ಎಲ್ಲಿಯಾದರೂ ಕಂಡರೆ, ಎಷ್ಟೇ ಗಟ್ಟಿಯೆಂದು ಹೇಳಿದರೂ, ತರಬೇಡಿ.

ಗಾಯ ಮಾಯುವ ಹೊತ್ತಿಗೆ ಬ್ಯಾಟರಿಯ ಸರದಿ ಬಂತು. ಬಳಸಿ ಬಿಸಿಯಾಗಿದ್ದಾಗಲೇ ಚಾರ್ಜಿಗೆ ಹಾಕುವುದು ನನ್ನ ಅಭ್ಯಾಸವಾಗಿಬಿಟ್ಟಿತ್ತು, ಏಕೆಂದರೆ ಏಳು ನಿಮಿಷದ ಬ್ಯಾಟರಿಯಿಂದ ಕೆಲಸ ಮುಗಿಸಲು ಬೇರೆ ದಾರಿಯಿರಲಿಲ್ಲ. ಒಂದು ಸಂಜೆ ಚಾರ್ಜರ್‌ನ ಕೆಂಪು ದೀಪ ನಾಲ್ಕು ಗಂಟೆಯಾದರೂ ಹಸಿರಾಗಲಿಲ್ಲ. ಕೋಣೆಯಲ್ಲಿ ಸಿಹಿ ಬೆರೆತ ಒಂದು ರಾಸಾಯನಿಕ ವಾಸನೆ. ಬ್ಯಾಟರಿಯ ಕವಚ ಒತ್ತಿದರೆ ತಗ್ಗುವಷ್ಟು ಮೆತ್ತಗಾಗಿತ್ತು. ಒಳ್ಳೆಯ ಬ್ಯಾಟರಿಯಲ್ಲಿ ಪ್ರತಿ ಸೆಲ್ಲಿನ ವೋಲ್ಟನ್ನೂ ಕಾಯುವ ಸರ್ಕ್ಯೂಟ್ ಇರುತ್ತದೆ. ಅದಿಲ್ಲದಿದ್ದರೆ ಚಾರ್ಜರಿಗೆ ಕಾಣುವುದು ಒಟ್ಟು ಮೊತ್ತವೊಂದೇ. ಬಿಸಿಗೆ ಬಳಲಿದ ಒಂದು ಸೆಲ್ 3.8 ವೋಲ್ಟಿನಲ್ಲಿಯೇ ನಿಂತುಬಿಟ್ಟರೆ, 21ರ ಮೊತ್ತ ತುಂಬಿಸಲು ಉಳಿದ ನಾಲ್ಕಕ್ಕೂ 4.3ರಷ್ಟು ತುಂಬಬೇಕಾಗುತ್ತದೆ, ಮಿತಿ ಮೀರಿ ತುಂಬಿದ ಲಿಥಿಯಂ ಸೆಲ್ ಹೊತ್ತಿಕೊಳ್ಳಬಹುದು. ಗೋಡೆಯ ಸ್ವಿಚ್ ಆರಿಸಿ, ಹೊಗೆ ಇನ್ನೂ ಬಂದಿರಲಿಲ್ಲವಾದ್ದರಿಂದ ದಪ್ಪ ಕೈಗವಸು ಹಾಕಿಕೊಂಡು ಅದನ್ನು ಹೊರಗೊಯ್ದು ಮರಳು ತುಂಬಿದ ಕಬ್ಬಿಣದ ಬಕೆಟ್ಟಿನಲ್ಲಿಟ್ಟೆ. ಹೊಗೆ ಕಂಡಿದ್ದರೆ ಮುಟ್ಟದೆ ಮನೆಯವರನ್ನೆಲ್ಲ ಹೊರಗೆ ಕರೆದುಕೊಂಡು ಅಗ್ನಿಶಾಮಕದವರನ್ನು ಕರೆಯುವುದೊಂದೇ ದಾರಿ. ಹಾಳಾದ ಬ್ಯಾಟರಿಯನ್ನು ಕಸದ ಬುಟ್ಟಿಗೆ ಹಾಕಬಾರದು. ಹಳೆಯ ಬ್ಯಾಟರಿ ಸಂಗ್ರಹಿಸುವಲ್ಲಿಗೆ ಕೊಟ್ಟುಬಂದೆ.

ಎರಡನೆಯ ಸಲ ಕೊಳ್ಳುವಾಗ ನಾನು ಮೊದಲು ನೋಡಿದ್ದು ಚಾರ್ಜರ್‌ನ ಬೆನ್ನನ್ನು, ಆಮೇಲೆ ವ್ಯಾಟ್-ಅವರ್ ಅನ್ನು, ಆಮೇಲೆ ಗಾರ್ಡನ್ನು. ಗಾರ್ಡಿನ ಅಂಚಿನಲ್ಲಿ ಹೆಚ್ಚಾದ ದಾರವನ್ನು ತುಂಡರಿಸುವ ಪುಟ್ಟ ಅಲಗು ಇರಲೇಬೇಕು. ಅದಿಲ್ಲದಿದ್ದರೆ ದಾರ ಉದ್ದವಾಗಿ ಮೋಟಾರು ಸುಸ್ತಾಗುತ್ತದೆ. ಒಂದೇ ಬೆರಳಿಗೆ ಆಕಸ್ಮಿಕವಾಗಿ ಚಾಲೂ ಆಗದಂತೆ ಬೀಗದ ಗುಂಡಿಯಿದೆಯೇ, ಬ್ಯಾಟರಿ ಬಿಡಿಯಾಗಿ ಸಿಗುತ್ತದೆಯೇ ಎಂದೂ ವಿಚಾರಿಸಿದೆ. ಒಣಗಿ ಪೆಡಸಾದ ನೈಲಾನ್ ದಾರವನ್ನು ಒಂದು ದಿನ ನೀರಿನಲ್ಲಿ ನೆನೆಸಿದರೆ ಮತ್ತೆ ಬಾಗುವ ಗುಣ ಬರುತ್ತದೆ, ಬೇಗ ತುಂಡಾಗುವುದಿಲ್ಲ. ತಲೆಗೆ ಕೈ ಹಾಕುವ ಮೊದಲು ಬ್ಯಾಟರಿಯನ್ನು ಕಳಚಿ ನೆಲದ ಮೇಲಿಡುತ್ತೇನೆ. ಸಾದಾ ಕನ್ನಡಕದ ಬದಲು ಪಕ್ಕಗಳೂ ಮುಚ್ಚಿರುವ ರಕ್ಷಣಾ ಕನ್ನಡಕ ಹಾಕುತ್ತೇನೆ. ಎಳೆಯ ಗಿಡಗಳ ಬುಡದಲ್ಲಿ ಯಂತ್ರವನ್ನು ಆಡಿಸದೆ ಕೈಯಿಂದಲೇ ಹುಲ್ಲು ಕೀಳುತ್ತೇನೆ, ಏಕೆಂದರೆ ಕಾಂಡದ ಸುತ್ತ ತೊಗಟೆ ಸುಲಿದುಹೋದ ಗಿಡ ಬದುಕುವುದಿಲ್ಲ.

ಹಳೆಯ ಯಂತ್ರದ ಕೋಲು, ಮೋಟಾರು, ಇನ್ನೊಂದು ಬ್ಯಾಟರಿ ಎಲ್ಲವೂ ಇನ್ನೂ ತಿರುಗುವ ಸ್ಥಿತಿಯಲ್ಲಿದ್ದವು. ಪರಿಚಯದವರೊಬ್ಬರು ಸುಮ್ಮನೆ ಬಿದ್ದಿದೆಯಲ್ಲ, ತಮಗೆ ಕೊಡಿ ಎಂದು ಎರಡು ಸಲ ಕೇಳಿದರು. ಪ್ಯಾಂಟಿನ ಅಂಚು ಮಡಿಚಿ ಹೊಲಿಗೆಯ ಗುರುತು ತೋರಿಸಿ, ಕೊಡುವುದಿಲ್ಲ ಎಂದೆ.