ಅಂಗಡಿಯಲ್ಲಿ ಜೋಡಿಸಿದ ಸೈಕಲ್, ಮನೆಯಲ್ಲಿ ಜೋಡಿಸಿದ ಸೈಕಲ್

ನಮ್ಮ ಮನೆಯಲ್ಲಿ ಒಂದೇ ಮಾದರಿಯ ಎರಡು ಸೈಕಲ್‌ಗಳಿವೆ. ಮೊದಲನೆಯದನ್ನು ನನಗಾಗಿ ಕೊಂಡಾಗ ಅಂಗಡಿಯವರೇ ಜೋಡಿಸಿ, ಕ್ಯಾರಿಯರ್, ಮಡ್‌ಗಾರ್ಡ್, ಸ್ಟ್ಯಾಂಡ್ ಹಾಕಿಕೊಟ್ಟರು. ಐದು ತಿಂಗಳ ನಂತರ ಪಿಯುಸಿ ಓದುತ್ತಿರುವ ಮಗನಿಗೆ ತರಿಸಿದ ಸೈಕಲ್ ಪೆಟ್ಟಿಗೆಯಲ್ಲಿ ಬಂತು. ಅದನ್ನು ಅವನೂ ನಾನೂ ಮೈಸೂರಿನ ನಮ್ಮ ಮನೆಯ ವರಾಂಡದಲ್ಲಿ ಕುಳಿತು ಜೋಡಿಸಿದೆವು. ಎರಡನ್ನೂ ಒಂದು ಮಳೆಗಾಲ ಪೂರ್ತಿ ಓಡಿಸಿ ನೋಡಿದ ಮೇಲೆ ನನ್ನ ನಿರ್ಧಾರ ಗಟ್ಟಿಯಾಗಿದೆ: ಇನ್ನು ಮುಂದೆ ನಮ್ಮ ಮನೆಗೆ ಬರುವ ಯಾವ ಸೈಕಲ್ಲನ್ನೂ ಜೋಡಣೆಗಾಗಿ ಅಂಗಡಿಗೆ ಕೊಡುವುದಿಲ್ಲ.

ನನ್ನ ಬಳಕೆಯನ್ನು ಮೊದಲೇ ಹೇಳಿಬಿಡುತ್ತೇನೆ. ಕುವೆಂಪುನಗರದಿಂದ ಹೆಬ್ಬಾಳ ಕೈಗಾರಿಕಾ ಪ್ರದೇಶದವರೆಗೆ ವಾರಕ್ಕೆ ನಾಲ್ಕು ದಿನ ಸೈಕಲ್‌ನಲ್ಲೇ ಹೋಗುತ್ತೇನೆ. ಊಟದ ಡಬ್ಬಿ, ಬದಲಿ ಅಂಗಿ, ಮಳೆ ಕೋಟು ಇವನ್ನೆಲ್ಲ ಬೆನ್ನಿಗೆ ಹೊತ್ತರೆ ಕಚೇರಿ ತಲುಪುವಷ್ಟರಲ್ಲಿ ಅಂಗಿ ಬೆವರಿನಿಂದ ತೊಯ್ದುಹೋಗುವುದರಿಂದ ಕ್ಯಾರಿಯರ್ ನನಗೆ ಅನಿವಾರ್ಯ. ತೊಂದರೆ ಬಂದದ್ದೂ ಅದೇ ಕ್ಯಾರಿಯರ್‌ನಿಂದ.

ನನ್ನ ಸೈಕಲ್‌ಗೆ ಹಿಂದೆ ಏಳು ಗೇರ್‌ಗಳಿವೆ. ಕೊಂಡ ದಿನದಿಂದಲೂ ಆರರಿಂದ ಏಳಕ್ಕೆ ಗುಂಡಿ ಒತ್ತಿದಾಗ ಟಕ್ ಎಂಬ ಸದ್ದು ಬರುತ್ತಿತ್ತೇ ಹೊರತು ಪೆಡಲಿನಲ್ಲಿ ಯಾವ ವ್ಯತ್ಯಾಸವೂ ತಿಳಿಯುತ್ತಿರಲಿಲ್ಲ. ಆ ಎರಡು ಗೇರ್‌ಗಳ ನಡುವಿನ ಅಂತರವೇ ಅಷ್ಟು ಸಣ್ಣದಿರಬೇಕೆಂದು ಭಾವಿಸಿ ಐದು ತಿಂಗಳು ಓಡಿಸಿದೆ. ಮಗನ ಸೈಕಲ್ ಸಿದ್ಧವಾದ ಮೊದಲ ಭಾನುವಾರ ರಿಂಗ್ ರಸ್ತೆಯಲ್ಲಿ ಇಬ್ಬರೂ ಸೈಕಲ್ ಅದಲುಬದಲು ಮಾಡಿಕೊಂಡಾಗ, ಸ್ವಲ್ಪ ದೂರ ಹೋದವನೇ ನಿಲ್ಲಿಸಿ, "ಅಪ್ಪಾ, ನಿನ್ನ ಸೈಕಲ್ಲಲ್ಲಿ ಏಳನೇ ಗೇರೇ ಬೀಳ್ತಿಲ್ಲ" ಎಂದ. ಇಳಿದು ನೋಡಿದರೆ ಚೈನು ಕೊನೆಯ ಚಿಕ್ಕ ಹಲ್ಲುಚಕ್ರದ ಹತ್ತಿರವೂ ಹೋಗುತ್ತಿರಲಿಲ್ಲ.

ಮನೆಗೆ ಬಂದು ಹಿಂದಿನ ಚಕ್ರವನ್ನು ಎತ್ತಿಹಿಡಿದು, ಗೇರ್ ಬದಲಿಸುವ ಭಾಗದಲ್ಲಿ ಎಚ್ ಎಂದು ಗುರುತು ಮಾಡಿರುವ ಸಣ್ಣ ತಿರುಪನ್ನು ಮಗನ ಸೈಕಲ್‌ನಲ್ಲಿರುವಷ್ಟೇ ಸಡಿಲಿಸಿದೆ. ಚೈನು ಹೊರಕ್ಕೆ ಎಷ್ಟು ದೂರ ಸರಿಯಬಹುದೆಂಬುದನ್ನು ನಿಗದಿಪಡಿಸುವುದು ಆ ತಿರುಪೇ. ಚೈನು ಏಳನೆಯದಕ್ಕೆ ಇಳಿಯಿತು, ಆದರೆ ಇಳಿದ ಕೂಡಲೇ ಕಟಕಟ ಎಂದು ಲೋಹಕ್ಕೆ ಲೋಹ ಬಡಿಯತೊಡಗಿತು. ಟಾರ್ಚ್ ಹಾಕಿ ಬಗ್ಗಿ ನೋಡಿದಾಗ ಕಾರಣ ಕಂಡಿತು. ಕ್ಯಾರಿಯರ್‌ನ ಕಾಲನ್ನೂ ಮಡ್‌ಗಾರ್ಡ್‌ನ ಕಂಬಿಯನ್ನೂ ಫ್ರೇಮಿಗೆ ಸೇರಿಸಲು ಬಲಗಡೆ ಹಾಕಿದ್ದ ಬೋಲ್ಟು 20 ಮಿಲಿಮೀಟರ್ ಉದ್ದದ್ದಾಗಿತ್ತು. ಅದರ ತುದಿ ಫ್ರೇಮಿನ ಒಳಮೈಯಿಂದ ಸುಮಾರು 5 ಮಿಲಿಮೀಟರ್ ಹೊರಚಾಚಿ ಚಿಕ್ಕ ಹಲ್ಲುಚಕ್ರದ ಮೇಲಿನ ಚೈನಿಗೆ ತಾಗುತ್ತಿತ್ತು. ಜೋಡಿಸಿದವರಿಗೂ ಈ ಸದ್ದು ಕೇಳಿಸಿರಲೇಬೇಕು. ಬೋಲ್ಟನ್ನು ಬದಲಿಸುವ ಬದಲು ತಿರುಪನ್ನು ಬಿಗಿಮಾಡಿ ಗೇರನ್ನೇ ಮುಚ್ಚಿಬಿಟ್ಟಿದ್ದರು ಎಂದಲ್ಲದೆ ಬೇರೆ ವಿವರಣೆ ನನಗೆ ತೋಚಲಿಲ್ಲ. ಹೋಗಿ ಕೇಳಿದಾಗ ಆ ಗೇರನ್ನು ಯಾರೂ ಅಷ್ಟಾಗಿ ಬಳಸುವುದಿಲ್ಲವೆಂಬ ಉತ್ತರ ಬಂತು.

ನಾನು ಬಳಸುತ್ತೇನೆ. ಕೊನೆಯ ಹಲ್ಲುಚಕ್ರದಲ್ಲಿ 14 ಹಲ್ಲುಗಳಿವೆ, ಅದರ ಹಿಂದಿನದರಲ್ಲಿ 16. ಮುಂದಿನ 42 ಹಲ್ಲಿನ ಚಕ್ರದೊಂದಿಗೆ ಲೆಕ್ಕ ಹಾಕಿದರೆ ಪೆಡಲಿನ ಒಂದು ಸುತ್ತಿಗೆ ಸೈಕಲ್ 14ರಲ್ಲಿ ಸುಮಾರು ಆರೂವರೆ ಮೀಟರ್ ಹೋಗುತ್ತದೆ, 16ರಲ್ಲಿ 5.7 ಮೀಟರ್ ಮಾತ್ರ. ರಿಂಗ್ ರಸ್ತೆಯ ಸಮತಟ್ಟಾದ ಹಾದಿಯಲ್ಲಿ ಐದು ತಿಂಗಳು ನಾನು ಅನಗತ್ಯವಾಗಿ ಕಾಲು ಬೀಸಿದ್ದೆ. ಪರಿಹಾರಕ್ಕೆ ಬೇಕಾದದ್ದು ಹಾರ್ಡ್‌ವೇರ್ ಅಂಗಡಿಯಲ್ಲಿ ಐದು ರೂಪಾಯಿಗೆ ಸಿಕ್ಕ 16 ಮಿಲಿಮೀಟರಿನ ಬೋಲ್ಟು. ಮಗನ ಸೈಕಲ್‌ಗೆ ಅದೇ ಕ್ಯಾರಿಯರ್ ಹಾಕುವಾಗ ನಾವು ವಾಷರ್‌ನಿಂದ ಫ್ರೇಮಿನವರೆಗಿನ ದಪ್ಪವನ್ನು ಸ್ಕೇಲಿನಲ್ಲಿ ಅಳೆದೇ ಬೋಲ್ಟು ತಂದಿದ್ದರಿಂದ ಈ ಸಮಸ್ಯೆ ಹುಟ್ಟಲೇ ಇಲ್ಲ. ಇಂಥ ಅಳತೆಗೆ ಎರಡು ನಿಮಿಷ ಸಾಕು, ಆದರೆ ಆ ಎರಡು ನಿಮಿಷವನ್ನು ಕೊಡುವವನು ಆ ಸೈಕಲ್ಲನ್ನು ದಿನವೂ ಓಡಿಸುವವನೇ ಆಗಿರಬೇಕು.

ಮನೆಯ ಜೋಡಣೆಯೂ ಸಲೀಸಾಗಿ ನಡೆಯಲಿಲ್ಲ. ಪೆಟ್ಟಿಗೆಯಲ್ಲಿ ಮುಂದಿನ ಫೋರ್ಕನ್ನು ಹಿಂದುಮುಂದಾಗಿ ತಿರುಗಿಸಿ ಇಟ್ಟಿರುತ್ತಾರೆ. ಫೋರ್ಕಿನ ಮೇಲೆ ಡಿಸ್ಕನ್ನು ಅಮುಕಿ ಹಿಡಿಯುವ ಬ್ರೇಕಿನ ಭಾಗ (ಕ್ಯಾಲಿಪರ್) ಸವಾರನ ಎಡಗಡೆಗೆ ಬಂದಿದೆಯೇ ಎಂದು ನೋಡಿಕೊಂಡೇ ಹ್ಯಾಂಡಲ್ ಬಿಗಿಮಾಡಬೇಕು. ಹ್ಯಾಂಡಲ್ಲಿನಲ್ಲೂ ಮೇಲಿನ ಮುಚ್ಚಳದ ಬೋಲ್ಟನ್ನು ಮೊದಲು ಬಿಗಿಸಿ ಅಲುಗಾಟ ತೆಗೆದು, ಆಮೇಲೆ ಪಕ್ಕದ ಬೋಲ್ಟುಗಳಿಗೆ ಕೈಹಾಕಬೇಕು. ನಾವು ಕ್ರಮ ತಪ್ಪಿದ್ದರಿಂದ ಎಲ್ಲವನ್ನೂ ಬಿಚ್ಚಿ ಮತ್ತೆ ಕಟ್ಟಬೇಕಾಯಿತು. ಎಡಗಡೆಯ ಪೆಡಲಿನ ಥ್ರೆಡ್ ಉಲ್ಟಾ ಇರುತ್ತದೆ. ಎರಡು ಪೆಡಲುಗಳನ್ನೂ ಗ್ರೀಸ್ ಹಚ್ಚಿ, ಮೊದಲ ಕೆಲವು ಸುತ್ತನ್ನು ಬೆರಳಿನಿಂದಲೇ ತಿರುಗಿಸಿ, ಸೈಕಲ್‌ನ ಮುಂದಿನ ಚಕ್ರದ ಕಡೆಗೆ ಬಿಗಿಮಾಡಬೇಕು.

ಡಿಸ್ಕ್ ಉಜ್ಜುವ ಸದ್ದು ಎರಡು ಸಂಜೆ ತೆಗೆದುಕೊಂಡಿತು. ತಂತಿಯಿಂದ ಎಳೆಯುವ ನಮ್ಮ ಬ್ರೇಕಿನಲ್ಲಿ ಹೊರಗಿನ ಪ್ಯಾಡ್ ಮಾತ್ರ ಚಲಿಸುತ್ತದೆ, ಚಕ್ರದ ಕಡೆಯದು ನಿಂತಲ್ಲೇ ಇರುತ್ತದೆ ಎಂಬುದು ತಿಳಿದ ಮೇಲೆ, ಆ ನಿಂತ ಪ್ಯಾಡನ್ನು ಅದರದೇ ತಿರುಪಿನಿಂದ ಡಿಸ್ಕಿಗೆ ತಾಗಿಯೂ ತಾಗದಂತೆ ತಂದು ನಿಲ್ಲಿಸಿದೆವು. ಸದ್ದು ನಿಂತಿತು.

ಸೀಟಿನ ಎತ್ತರದಲ್ಲಿ ಮನೆಯೇ ಮೇಲು. ಅಂಗಡಿಯಲ್ಲಿ ಎರಡೂ ಪಾದ ನೆಲಕ್ಕೆ ಊರುವಂತೆ ಸೀಟು ಇಳಿಸಿಕೊಟ್ಟಿದ್ದರು, ನನ್ನ ಮಂಡಿ ನೋಯುತ್ತಿತ್ತು. ಕೆಳಗಿರುವ ಪೆಡಲಿನ ಮೇಲೆ ಹಿಮ್ಮಡಿ ಇಟ್ಟಾಗ ಕಾಲು ನೇರವಾಗುವಷ್ಟು ಏರಿಸಿದ ಮೇಲೆ ನೋವು ಹೋಯಿತು. ಬೆಲ್ಲು, ದೀಪ, ಹಿಡಿಕೆಯ ರಬ್ಬರು ಎಲ್ಲಿ ಹಾಕಿಸಿದರೂ ಒಂದೇ.

ಖರ್ಚಿನ ಲೆಕ್ಕದಲ್ಲಿ ಮೊದಲ ಸಲ ಅಂಗಡಿಯೇ ಅಗ್ಗ. ಜೋಡಣೆಗೆ ನನ್ನಿಂದ ಪಡೆದದ್ದು 600 ರೂಪಾಯಿ. ಮನೆಯಲ್ಲಿ ಅಲೆನ್ ಕೀ ಸೆಟ್ಟಿಗೆ 400, ಪೆಡಲಿನ 15 ನಂಬರ್ ಸ್ಪ್ಯಾನರಿಗೆ 200, ಗ್ರೀಸಿಗೆ 100, ಕಾಲಿನಲ್ಲಿ ಮೆಟ್ಟಿ ಹಿಡಿದು ಗಾಳಿ ಹೊಡೆಯುವ ಪಂಪಿಗೆ 1,100, ಒಟ್ಟು 1,800 ರೂಪಾಯಿ ಆಯಿತು. ಈ ಸಾಮಾನುಗಳಿಂದಲೇ ನನ್ನ ಸೈಕಲ್ ಸರಿಹೋಯಿತು, ಹೊಸ ಕೇಬಲ್‌ಗಳು ಮೊದಲ ತಿಂಗಳಲ್ಲಿ ಸಡಿಲವಾದಾಗ ಎರಡನ್ನೂ ನಾನೇ ಎಳೆದು ಬಿಗಿಮಾಡಿದೆ.

ಒಂದು ಕೆಲಸವನ್ನು ಮಾತ್ರ ನಾನು ಮುಟ್ಟುವುದಿಲ್ಲ. ಚಕ್ರ ಓಲಾಡತೊಡಗಿದರೆ ಬೆಂಡ್ ತೆಗೆಸಲು ನಮ್ಮ ಬೀದಿಯ ತಿರುವಿನಲ್ಲಿ ಕೂರುವ ಹಿರಿಯರ ಹತ್ತಿರವೇ ಹೋಗುತ್ತೇನೆ. ಕಡ್ಡಿಗಳನ್ನು ಬೆರಳಿನಿಂದ ಮೀಟಿ, ಸದ್ದಿನಿಂದಲೇ ಯಾವುದು ಸಡಿಲವೆಂದು ಹೇಳುವ ಅವರ ಕೈಗುಣ ಪುಸ್ತಕ ಓದಿ ಬರುವಂಥದ್ದಲ್ಲ. ಆದರೆ ಟಯರು ಅಲ್ಲಿ ಸಿಗದು: ಅವರಲ್ಲಿರುವ ಹಳೆಯ 28 ಇಂಚಿನ ಟಯರು 635 ಮಿಲಿಮೀಟರ್ ರಿಮ್ಮಿನದು, ನಮ್ಮದು 622.

ಕ್ಯಾರಿಯರ್, ಮಡ್‌ಗಾರ್ಡ್ ಏನೂ ಬೇಡದೆ ಭಾನುವಾರ ಮಾತ್ರ ಓಡಿಸುವವರಿಗೆ, ಒಂದು ಇಡೀ ರಜಾದಿನವನ್ನು ಇದಕ್ಕೆ ಕೊಡಲಾಗದವರಿಗೆ ಅಂಗಡಿಯ ಜೋಡಣೆ ಸಾಕು. ಅವರು ಹಣ ಕೊಡುವ ಮೊದಲು ಹಿಂದಿನ ಚಕ್ರವನ್ನು ನೆಲದಿಂದ ಎತ್ತಿಸಿ, ಪೆಡಲ್ ತಿರುಗಿಸುತ್ತಾ ಒಂದರಿಂದ ಏಳರವರೆಗೆ ಎಲ್ಲ ಗೇರ್‌ಗಳೂ ಬೀಳುತ್ತವೆಯೇ ಎಂದು ಕಣ್ಣಾರೆ ನೋಡಿಕೊಳ್ಳಲಿ.